ಹದಿನಾಲ್ಕನೆಯವಳು

ಅಕ್ಟೋಬರ್ 2, ಬುಧವಾರ

ಬಂದು ಸೇರಿದೆ. ಬೊಲ್‌ಮಾಲ್‌ನಲ್ಲಿ ಬಸ್ಸಿನಿಂದ ಇಳಿದವಳು ನಾನೊಬ್ಬಳೇ. ಬಸ್ಸು ಹೊರಟುಹೋದ ಮೇಲೆ ಕಿವಿಯೇ ಕೆಟ್ಟಿತೇನೋ ಎಂದು ಗಾಬರಿಯಾಗಿ ಒಮ್ಮೆ ಕೆಮ್ಮಿ ನೋಡಿದೆ. ಕೆಮ್ಮು ಕೇಳಿಸಿತು. ಕಿವಿ ನೆಟ್ಟಗಿದೆ, ಊರೇ ಹೀಗೆ.

ಇಪ್ಪತ್ತೊಂದು ವರ್ಷ ಹೆದ್ದಾರಿಯ ಟೋಲ್ ಗೇಟಿನ ಗೂಡಿನಲ್ಲಿ ಕೂತವಳಿಗೆ ಸದ್ದಿಲ್ಲ ಎಂದರೆ ಏನೋ ಕೆಟ್ಟದ್ದು ನಡೆದಿದೆ ಎಂದೇ ಲೆಕ್ಕ. ನಮ್ಮ ಯಜಮಾನರು ತೀರಿಹೋದ ದಿನವೂ ಮನೆ ಹೀಗೇ ಇತ್ತು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತ್ತು, ಅಷ್ಟೇ. ಎರಡು ವರ್ಷವಾಯಿತು. ಆಮೇಲೆ ನಾನು ಮನೆಯಲ್ಲಿ ಟಿ.ವಿ. ಆರಿಸಿದ್ದೇ ಇಲ್ಲ. ಹೊರಗೆ ಹೋಗುವಾಗಲೂ ಹಾಕಿಯೇ ಹೋಗುತ್ತೇನೆ. ಬಾಗಿಲು ತೆಗೆದಾಗ ಒಳಗೆ ಯಾರಾದರೂ ಮಾತಾಡುತ್ತಿರಬೇಕು.

ಇಲ್ಲಿಗೆ ಬರಲು ಆಸೆಪಟ್ಟು ಬಂದದ್ದಲ್ಲ. ಇಂಚನ್‌ನ ಬಾಡಿಗೆ ಮನೆಯ ಮಾಲೀಕರ ಮಗನಿಗೆ ಮದುವೆ, ನವೆಂಬರ್ ಕೊನೆಗೆ ಖಾಲಿ ಮಾಡಿ ಎಂದಿದ್ದಾರೆ. ಟೋಲ್ ಗೇಟಿನಲ್ಲಿ ನನ್ನ ಜಾಗದಲ್ಲಿ ಯಂತ್ರ ಕೂತಿದೆ. ಐವತ್ತೆಂಟರ ಒಂಟಿ ಹೆಂಗಸಿನ ಕೈಗೆ ಎಟಕುವುದು ಅಲ್ಲೀಗ ಅರ್ಧ ನೆಲದಡಿಯ ಕೋಣೆಗಳು ಮಾತ್ರ. ಮಳೆ ಬಂದರೆ ಕಿಟಕಿಯಿಂದ ನೀರು ಒಳಗೆ ಬರುವಂಥವು. ತಂಗಿ ಮಿ-ರ್ಯೊಂಗ್ ಎಲ್ಲಿಂದಲೋ ಈ ಊರನ್ನು ಹುಡುಕಿ ತೆಗೆದಳು. ಜನ ಕಡಿಮೆಯಾದ ಕರಾವಳಿ ಊರುಗಳಲ್ಲಿ ಒಂದು ತಿಂಗಳು ಇದ್ದು ನೋಡಿ, ಹಿಡಿಸಿದರೆ ನೆಲೆಸಿ ಎಂದು ಜಿಲ್ಲೆಯವರೇ ಕರೆಯುತ್ತಾರಂತೆ. ಇರಲು ಕೊಟ್ಟ ಮನೆ ಚಿಕ್ಕದು, ಚೊಕ್ಕದು. ಪಕ್ಕದ ನೀಲಿ ಸೂರಿನ ಮನೆ ಮಾರಾಟಕ್ಕಿದೆ. ಇಂಚನ್‌ನಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಕೊಡುವಷ್ಟನ್ನು ಇಲ್ಲಿ ಕೊಟ್ಟರೆ ಮನೆ, ಅಂಗಳ, ಒಂದು ಖರ್ಜೂರದ ಬಣ್ಣದ ಬಾಗಿಲು ಎಲ್ಲ ಬರುತ್ತದೆ.

ಊರ ಮುಖ್ಯಸ್ಥ ಗುಕ್ ಎಂಬುವರು ಬೀಗದ ಕೈ ಕೊಟ್ಟರು. ನೀಲಿ ಸೂರಿನ ಮನೆಗೆ ಮೂವತ್ತೊಂದರ ಒಳಗೆ ಹೂಂ ಅಥವಾ ಊಹೂಂ ಹೇಳಬೇಕಂತೆ. ಇಲ್ಲವಾದರೆ ದೇಜನ್‌ನ ಯಾರೋ ಗಂಡಹೆಂಡತಿಗೆ ಹೋಗುತ್ತದೆ.

ಬೀಗದ ಕೈ ಕೊಟ್ಟರು ಎಂದೆನಲ್ಲ, ಬೀಗ ಕೆಲಸ ಮಾಡುವುದಿಲ್ಲ.

ಅಕ್ಟೋಬರ್ 4, ಶುಕ್ರವಾರ

ಬೆಳಿಗ್ಗೆ ತಟ್ಟದೆ ಕೂಗದೆ ಒಬ್ಬ ಮುದುಕಿ ಒಳಗೆ ಬಂದು ಅಡುಗೆಮನೆಯಲ್ಲಿ ನಿಂತಿದ್ದಳು. ನನ್ನ ಜೀವ ಬಾಯಿಗೆ ಬಂತು. ಅವಳು ಖಾರ ಹಾಕಿ ಹುಳಿಬರಿಸಿದ ಒಂದು ಡಬ್ಬಿ ಮೂಲಂಗಿ ಕಿಮ್ಚಿಯನ್ನು ಫ್ರಿಜ್ಜಿನಲ್ಲಿಟ್ಟು, ಒಳಗೆ ಏನೇನಿದೆ ಎಂದು ನೋಡಿ, ನಾಲಗೆಯಲ್ಲಿ ಲೊಚಗುಟ್ಟಿ ಹೋದಳು.

ಮಧ್ಯಾಹ್ನದ ಬಸ್ಸಿನಲ್ಲಿ ಪೇಟೆಗೆ ಹೋಗಿ ಎರಡು ಚಿಲಕ ತಂದೆ. ಒಳಗಿನಿಂದ ಹಾಕುವಂಥವು. ತಿರುಪು ಕೂರಿಸುವಾಗ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಏನೂ ಅನ್ನಲಿಲ್ಲ. ಅನ್ನದಿದ್ದದ್ದಕ್ಕೇ ಹೆಚ್ಚು ಹೆದರಿಕೆಯಾಯಿತು. ಎಲ್ಲರೂ ಚಪ್ಪಲಿ ಬೂಟು ಹೊಸಿಲಾಚೆ ಬಿಡುತ್ತಾರೆ. ನಾನು ಒಳಗೆ ತೆಗೆದಿಟ್ಟುಕೊಳ್ಳುತ್ತೇನೆ.

ಅಕ್ಟೋಬರ್ 8, ಮಂಗಳವಾರ

ಮುದುಕಿಯ ಹೆಸರು ಗೊತ್ತಾಗಲಿಲ್ಲ. ಇಲ್ಲಿ ಹೆಂಗಸರನ್ನು ಅವರು ಬಂದ ಊರಿನ ಹೆಸರಿನಿಂದಲೇ ಕರೆಯುವುದು. ಅವಳು ಹೊಂಗ್‌ಸಾನ್‌ನಿಂದ ಐವತ್ತೈದು ವರ್ಷದ ಹಿಂದೆ ಮದುವೆಯಾಗಿ ಬಂದವಳು, ಹಾಗಾಗಿ ಇವತ್ತಿಗೂ ಹೊಂಗ್‌ಸಾನ್‌ನವಳೇ. ಮುಖ್ಯಸ್ಥರ ಹೆಂಡತಿ ಸೊಚನ್‌ನವಳು. ನಾನು ಒಂದೇ ವಾರಕ್ಕೆ ಇಂಚನ್‌ನವಳಾಗಿದ್ದೇನೆ. ನಾನೇನೂ ಒಪ್ಪಿಲ್ಲ, ಅವರೇ ಶುರುಮಾಡಿದರು.

ಹೊಂಗ್‌ಸಾನ್ ಅಜ್ಜಿ ಇವತ್ತು ಚಿಲಕ ಅಲ್ಲಾಡಿಸಿ ಅಲ್ಲಾಡಿಸಿ ನಾನೇ ತೆಗೆಯುವ ಹಾಗೆ ಮಾಡಿದಳು. ನೆಲದ ಮೇಲೆ ಕೂತು, ವಯಸ್ಸೆಷ್ಟು, ಮಕ್ಕಳೆಷ್ಟು, ಗಂಡ ಹೇಗೆ ಹೋದ ಎಂದು ಒಂದಾದ ಮೇಲೊಂದು ಕೇಳಿದಳು. ಹೃದಯ, ಬಚ್ಚಲಲ್ಲಿ ಎಂದೆ. ಅಷ್ಟು ಸಾಕು ಎಂದುಕೊಂಡೆ. ಅವಳ ಗಂಡ ನೀರಿಳಿದಾಗ ಕಪ್ಪೆಚಿಪ್ಪು ಅಗೆಯಲು ಕಡಲ ಕೆಸರಿಗೆ ಹೋದವನು ಬರಲಿಲ್ಲವಂತೆ. ಮಂಜು ಬಿದ್ದಿತ್ತಂತೆ. ಅದನ್ನು ಹೇಳಿ, ಟಿ.ವಿ. ಯಾಕೆ ಇಷ್ಟು ಜೋರು ಎಂದು ಕೇಳಿದಳು.

ಅಕ್ಟೋಬರ್ 11, ಶುಕ್ರವಾರ

ಸಮುದ್ರದ ಹತ್ತಿರದ ಊರು ಎಂದಿದ್ದರು. ಇಲ್ಲಿ ದಿನಕ್ಕೆರಡು ಸಲ ಸಮುದ್ರವೇ ಕಾಣೆಯಾಗುತ್ತದೆ. ಕಣ್ಣು ಹಾಯಿಸಿದಷ್ಟೂ ಬೂದುಬಣ್ಣದ ಕೆಸರು ಬಯಲು. ನೀರು ಎಲ್ಲಿಗೆ ಹೋಯಿತು, ಯಾವಾಗ ಬರುತ್ತದೆ ಎಂದು ತಿಳಿಯದೆ ಕಿಟಕಿಯಲ್ಲಿ ನಿಲ್ಲಲಾಗದೆ ಪರದೆ ಎಳೆದುಬಿಡುತ್ತೇನೆ. ಬರುವಾಗ ಓಡುವವನಿಗಿಂತ ಬೇಗ ಬರುತ್ತದಂತೆ, ಅದೂ ಸದ್ದಿಲ್ಲದೆ. ಕೆಸರಿನ ನಡುವೆ ನೀರು ಹರಿಯುವ ತೋಡುಗಳು ಮೊದಲು ತುಂಬಿ ಹಿಂದಿನಿಂದ ಸುತ್ತುವರಿಯುತ್ತವೆ ಎಂದು ಮುಖ್ಯಸ್ಥರು ಹವಾಮಾನದ ಮಾತಾಡುವಂತೆ ಹೇಳಿದರು.

ಎಲ್ಲರ ಗೋಡೆಯ ಮೇಲೂ ಉಬ್ಬರ ಇಳಿತದ ಕ್ಯಾಲೆಂಡರ್ ಇದೆ. ನನಗೂ ಒಂದು ಕೊಟ್ಟರು. ನಾನು ಅದನ್ನು ತಿರುಗಿಸಿ ನೇತುಹಾಕಿದ್ದೇನೆ.

ಅಕ್ಟೋಬರ್ 15, ಮಂಗಳವಾರ

ಮಿ-ರ್ಯೊಂಗ್ ಫೋನ್ ಮಾಡಿದ್ದಳು. ಹೆದರಿಕೆಗಳನ್ನೆಲ್ಲ ಹೇಳಿದೆ. ಬೀಗ, ಕೆಸರು, ಮಂಜು, ಹತ್ತಿರ ಆಸ್ಪತ್ರೆ ಇಲ್ಲದ್ದು, ಹೆಂಗಸರ ಮೌನ, ಬೆಳಿಗ್ಗೆ ಆರಕ್ಕೆ ಕಂಬದ ಮೈಕಿನಲ್ಲಿ ಮುಖ್ಯಸ್ಥರು ಗಂಟಲು ಸರಿಮಾಡಿಕೊಳ್ಳುವ ಸದ್ದು.

“ಅಕ್ಕ, ಹೆದರೋದಕ್ಕೆ ಸಂಬಳ ಕೊಡೋ ಆಫೀಸು ಇದ್ದಿದ್ರೆ ನೀನು ಇಷ್ಟೊತ್ತಿಗೆ ದೊಡ್ಡ ಆಫೀಸರ್ ಆಗಿರ್ತಿದ್ದೆ,” ಎಂದಳು.

ಬೇಡವಾದರೆ ಬುಚನ್‌ನ ತನ್ನ ಮನೆಯಲ್ಲಿ ಮಗನ ಕೋಣೆ ಖಾಲಿಯಿದೆ, ಸೈನ್ಯದಿಂದ ಅವನು ಬರುವವರೆಗೆ ಇರಬಹುದು ಎಂದಳು. ಆಮೇಲೆ? ಆಮೇಲಿನದು ಆಮೇಲೆ. ಅವಳ ಗಂಡನಿಗೆ ನಾನು ಹೊರೆ. ಅವನು ಬಾಯಿಬಿಟ್ಟು ಹೇಳುವುದಿಲ್ಲ, ಒಳ್ಳೆಯವನು. ಒಳ್ಳೆಯವರ ಮನೆಯಲ್ಲಿ ಉಸಿರು ಬಿಗಿಹಿಡಿದು ಇರಬೇಕಾಗುತ್ತದೆ.

ಅಕ್ಟೋಬರ್ 18, ಶುಕ್ರವಾರ

ಅಜ್ಜಿಯ ಜೊತೆ ಕೆಸರಿಗೆ ಹೋಗಲು ಒಪ್ಪಿಕೊಂಡುಬಿಟ್ಟೆ. ಮಂಡಿನೋವು ಎಂದೆ, ಬೂಟಿಲ್ಲ ಎಂದೆ. ಅಜ್ಜಿ ಬೂಟು ತಂದಿಟ್ಟಳು, ಮಂಡಿಗೆ ಪಟ್ಟಿ ತಂದಿಟ್ಟಳು. ಹೊರಗಿನವರು ತಮಗಾಗಿ ಕಪ್ಪೆಚಿಪ್ಪು ಅಗೆಯುವಂತಿಲ್ಲ, ಅದು ಊರಿನ ಮೀನುಗಾರರ ಸಂಘದ ಹಕ್ಕು. ಆದರೆ ಅವಳ ಕೈಯಾಳಾಗಿ ಬರಬಹುದಂತೆ. ಮನೆ ಕೊಳ್ಳುವವಳು ಕೆಸರು ಕಾಣದೆ ಹೇಗೆ ಕೊಳ್ಳುತ್ತೀ ಎಂದಳು. ಕೊಳ್ಳುತ್ತೇನೆ ಎಂದು ನಾನು ಯಾವಾಗ ಹೇಳಿದೆ?

ನಾಳೆ ಬೆಳಿಗ್ಗೆ ಒಂಬತ್ತೂವರೆ.

ಅಕ್ಟೋಬರ್ 19, ಶನಿವಾರ

ಹೋಗಿಬಂದೆ. ಸ್ನಾನ ಮಾಡಿ ಬೆಚ್ಚಗೆ ಕೂತು ಬರೆಯುತ್ತಿದ್ದೇನೆ. ಸದ್ಯ, ಮುಗಿಯಿತು.

ಟಿಲ್ಲರಿನ ಹಿಂದಿನ ಟ್ರೇಲರಿನಲ್ಲಿ ಕುರಿಗಳಂತೆ ತುಂಬಿಕೊಂಡು ಕೆಸರಿನ ಮೇಲೆ ಎರಡು ಕಿಲೋಮೀಟರ್ ಹೋದೆವು. ಇಳಿಯುವಾಗ ಮುಖ್ಯಸ್ಥರ ಹೆಂಡತಿ ಒಬ್ಬೊಬ್ಬರ ಬೆನ್ನು ಮುಟ್ಟಿ ಎಣಿಸಿದಳು. ಹದಿಮೂರು ಜನ, ನಾನು ಹದಿನಾಲ್ಕನೆಯವಳು. ಅಷ್ಟು ಹೊತ್ತು ಮಾತಾಡುತ್ತಿದ್ದವರು ಬಗ್ಗಿ ಅಗೆಯಲು ಶುರುಮಾಡಿದರು. ಗಿಡ್ಡ ಹಿಡಿಯ ಗುದ್ದಲಿಗಳ ಚರಕ್ ಚರಕ್ ಮಾತ್ರ. ಅಜ್ಜಿ ಅಗೆಯುತ್ತಿದ್ದಳು, ನಾನು ಅವಳು ಕೊಟ್ಟ ಇನ್ನೊಂದು ಗುದ್ದಲಿಯಿಂದ ಕೆದಕಿ ಕಪ್ಪೆಚಿಪ್ಪು ಆರಿಸಿ ಬಲೆಚೀಲಕ್ಕೆ ತುಂಬುತ್ತಿದ್ದೆ. ಒಂದು ಗಂಟೆ ಚೆನ್ನಾಗಿಯೇ ಇದ್ದೆ.

ಚೀಲ ತುಂಬಿದಾಗ ತೋಡಿನಲ್ಲಿ ತೊಳೆದುಕೊಂಡು ಬಾ ಎಂದು ಕಳಿಸಿದಳು. ನೂರು ಹೆಜ್ಜೆ ದೂರ. ತೊಳೆದು ತಲೆಯೆತ್ತಿದರೆ ಮಂಜು. ದಟ್ಟವೇನಲ್ಲ, ತೆಳ್ಳಗೆ ಹಾಲು ಕದಡಿದ ಹಾಗೆ. ಹೆಂಗಸರೆಲ್ಲ ಮಸುಕಾಗಿದ್ದರು. ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಇನ್ನೊಂದು ನಿಮಿಷ ನಿಂತರೆ ಕಿರುಚುತ್ತೇನೆ ಎಂದು ಗೊತ್ತಾಯಿತು. ಕಿರುಚಿದ್ದರೆ ಎಲ್ಲರೂ ಕೆಲಸ ಬಿಟ್ಟು ಓಡಿಬರುತ್ತಿದ್ದರು. ತಿಂಗಳಲ್ಲಿ ಇಂಥ ದೊಡ್ಡ ಇಳಿತ ನಾಲ್ಕೈದು ದಿನ ಮಾತ್ರ, ಅದರಲ್ಲಿ ಒಂದು ದಿನ ನನ್ನಿಂದ ಹಾಳಾಗುತ್ತಿತ್ತು. ಟಿಲ್ಲರಿನ ಚಕ್ರದ ಗುರುತು ಪಕ್ಕದಲ್ಲೇ ಇತ್ತು. ಚೀಲ, ಗುದ್ದಲಿ ಎರಡನ್ನೂ ತೋಡಿನ ಅಂಚಿನಲ್ಲಿ ಎದ್ದು ಕಾಣುವಂತೆ ನೀಟಾಗಿ ಇಟ್ಟೆ. ಅವು ನನ್ನವಲ್ಲವಲ್ಲ. ಗುರುತು ಹಿಡಿದು ಒಂದೇ ಸಮನೆ ನಡೆದುಬಂದೆ. ಬೂಟು ಒಳಗೆ ತಂದೆ, ಎರಡೂ ಚಿಲಕ ಹಾಕಿದೆ, ಟಿ.ವಿ. ಜೋರು ಮಾಡಿ ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ಕೂತೆ.

ನೀಲಿ ಸೂರಿನ ಮನೆ ಬೇಡ. ನನ್ನಿಂದ ಆಗದ ಕೆಲಸ. ಆದರೂ ಯಾರಿಗೂ ಒಂದಿಷ್ಟೂ ತೊಂದರೆ ಕೊಡದೆ ಬಂದೆನಲ್ಲ, ಅದೊಂದು ಸಮಾಧಾನ.

ಅದೇ ದಿನ, ಸಂಜೆ

ದೇವರೇ, ನಾನೇನು ಮಾಡಿಬಿಟ್ಟೆ.

ಅಕ್ಟೋಬರ್ 20, ಭಾನುವಾರ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಿನ್ನೆ ನಾಲ್ಕು ಗಂಟೆಗೆ ಬಾಗಿಲು ಮುರಿಯುವಂತೆ ಬಡಿದರು. ತೆಗೆದರೆ ಮುಖ್ಯಸ್ಥ ಗುಕ್. ಸೊಂಟದವರೆಗೆ ಕೆಸರು. ನನ್ನ ಮುಖ ನೋಡಿದವರು ಹಾಗೇ ಹೊಸಿಲ ಮೇಲೆ ಕುಸಿದು ಕೂತರು. ಆಮೇಲೆ ಫೋನ್ ತೆಗೆದು ಒಂದೇ ಮಾತು ಹೇಳಿದರು: “ಇದ್ದಾಳೆ. ಮನೇಲಿದ್ದಾಳೆ.”

ಹೊರಡುವ ಹೊತ್ತಿಗೆ ಎಣಿಸಿದಾಗ ಹದಿಮೂರೇ ಬಂತು. ಮತ್ತೆ ಎಣಿಸಿದರು. ಹುಡುಕಿದರೆ ತೋಡಿನ ಅಂಚಿನಲ್ಲಿ ನನ್ನ ಚೀಲ, ಗುದ್ದಲಿ. ಯಾರಿಗೆ ತಾನೆ ಏನನ್ನಿಸುತ್ತದೆ? ನೋಡಿಬರಲು ಒಬ್ಬಳನ್ನು ಊರಿಗೆ ಓಡಿಸಿದರು. ಹೊಸಿಲಾಚೆ ಬೂಟಿಲ್ಲ. ಟಿ.ವಿ. ಸದ್ದು ಇದೆ, ಅದು ಯಾವಾಗಲೂ ಇರುವುದೇ. ಬಡಿದು ಕೂಗಿದಳಂತೆ. ನಾನು ನೀರಿನಲ್ಲಿ ಕಿವಿಯವರೆಗೆ ಮುಳುಗಿ ಕೂತಿದ್ದೆ. ಫೋನು ಕೆಸರು ತಾಗೀತೆಂದು ಪೆಟ್ಟಿಗೆಯೊಳಗಿಟ್ಟಿದ್ದೆ, ಅದರಲ್ಲಿ ಹದಿನೇಳು ಕರೆ.

ಅಲ್ಲಿ ಯಾರೋ, ಮನೆಗೆ ಹೋಗಿರುತ್ತಾಳೆ ಎಂದರಂತೆ. ಹೊಂಗ್‌ಸಾನ್ ಅಜ್ಜಿ ಮಾತ್ರ ಟ್ರೇಲರ್ ಹತ್ತಲಿಲ್ಲ. ತೋಡಿಗೆ ಕಳಿಸಿದವಳು ನಾನು ಎಂದು ಹೇಳಿ ಮಂಜಿನೊಳಗೆ ಕೂಗುತ್ತಾ ನಡೆದುಬಿಟ್ಟಳು. ನೀರು ತಿರುಗಿತ್ತು. ಹುಡುಕಿಹೋದವರಿಗೆ ಸಿಕ್ಕಿದಾಗ ಎದೆಮಟ್ಟ ನೀರಿನಲ್ಲಿ ಬಲೆ ಕಟ್ಟುವ ಕಂಬವೊಂದನ್ನು ತಬ್ಬಿ ನಿಂತಿದ್ದಳಂತೆ. ಆಗಲೂ ಕೂಗುತ್ತಿದ್ದಳಂತೆ.

ಪೇಟೆಯ ಆಸ್ಪತ್ರೆಯಲ್ಲಿದ್ದಾಳೆ. ಎಪ್ಪತ್ತೆಂಟು ವರ್ಷ.

ಅಕ್ಟೋಬರ್ 21, ಸೋಮವಾರ

ಯಾರೂ ಬೈಯಲು ಬರಲಿಲ್ಲ. ಮೈಕಿನಲ್ಲೂ ಏನೂ ಇಲ್ಲ. ಪೆಟ್ಟಿಗೆ ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಅಜ್ಜಿಗೆ ಜ್ವರ ಬಂದಿದೆ ಎಂದು ಬಸ್ ನಿಲ್ದಾಣದ ಅಂಗಡಿಯಲ್ಲಿ ಕೇಳಿದೆ. ಅವಳೇನಾದರೂ ಹೋದರೆ. ಈ ವಾಕ್ಯ ಮುಗಿಸಲಾರೆ.

ಅಕ್ಟೋಬರ್ 22, ಮಂಗಳವಾರ

ಆಸ್ಪತ್ರೆಗೆ ಹೋದೆ. ಬಾಗಿಲ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ನರ್ಸ್ ಒಳಗೆ ತಳ್ಳಿದಳು.

ಅಜ್ಜಿ ಮೂಗಿಗೆ ಕೊಳವೆ ಹಾಕಿಕೊಂಡು ಪಕ್ಕದ ಹಾಸಿಗೆಯವಳ ಸೊಸೆಯ ವಿಚಾರ ಕೇಳುತ್ತಿದ್ದಳು. ಮುಖ ಬತ್ತಿ ಅಂಗೈಯಷ್ಟಾಗಿತ್ತು. ನಾನು ನೆಲಕ್ಕೆ ಹಣೆ ಹಚ್ಚಿದೆ. ಯಾಕೆ ಹೇಳದೆ ಹೋದೆ ಎಂದಾಗ, ಎಲ್ಲರಿಗೂ ತೊಂದರೆಯಾಗುತ್ತದೆ ಅಂತ ಎಂದೆ.

“ಮೂವತ್ತೊಂದು ವರ್ಷದ ಹಿಂದೆ ನನ್ನ ಗಂಡನ ಜೊತೆ ಏಳು ಜನ ಹೋಗಿದ್ರು,” ಎಂದಳು. “ವಾಪಸ್ ಬರೋವಾಗ ಅವನು ಕಾಣ್ಲಿಲ್ಲ. ಮುಂಚೇನೇ ಮನೆಗೆ ಹೋಗಿರ್ತಾನೆ, ಊಟ ಮಾಡ್ತಿರ್ತಾನೆ, ಸುಮ್ನೆ ಯಾಕೆ ಹೋಗಿ ಬಾಗಿಲು ಬಡಿಯೋದು ಅಂದ್ಕೊಂಡ್ರು. ನಾನು ಮನೇಲಿ, ಎಲ್ಲರ ಜೊತೆ ಕುಡೀತಾ ಕೂತಿರ್ತಾನೆ, ಕರೆದ್ರೆ ಅವಮಾನ ಆಗುತ್ತೆ ಅಂತ ಅನ್ನ ಮುಚ್ಚಿಟ್ಕೊಂಡು ಕೂತಿದ್ದೆ. ಎಲ್ರೂ ಮರ್ಯಾದಸ್ಥರೇ ಕಣೇ. ಬೆಳಗಾಗೋವರೆಗೂ ಒಬ್ರಿಗೂ ಗೊತ್ತಾಗ್ಲಿಲ್ಲ. ಎಣಿಸೋದು ಆಮೇಲೆ ಶುರುವಾಗಿದ್ದು. ಹೋಗ್ತೀನಿ ಅಂತ ಒಂದು ಕೂಗು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಆಗ ನಾನು ಹೇಳಿಬಿಟ್ಟೆ. ಯಾರಿಗೂ ಹೇಳದ್ದನ್ನು, ಮಿ-ರ್ಯೊಂಗ್‌ಗೂ ಹೇಳದ್ದನ್ನು, ಇಲ್ಲೂ ಬರೆಯದ್ದನ್ನು. ಬಚ್ಚಲಲ್ಲಿ ನೀರಿನ ಸದ್ದು ನಿಂತ ಮೇಲೆ ನಲವತ್ತು ನಿಮಿಷ ನಾನು ಬಾಗಿಲು ತಟ್ಟಲಿಲ್ಲ. ಅವರಿಗೆ ಸ್ನಾನದ ಹೊತ್ತಿನಲ್ಲಿ ಕರೆದರೆ ಆಗುತ್ತಿರಲಿಲ್ಲ. ತೊಂದರೆ ಯಾಕೆ ಎಂದು ಧಾರಾವಾಹಿ ನೋಡುತ್ತಾ ಕೂತಿದ್ದೆ. ತಟ್ಟಿದ್ದರೆ ಉಳಿಯುತ್ತಿದ್ದರೋ ಏನೋ ಗೊತ್ತಿಲ್ಲ. ಡಾಕ್ಟರನ್ನು ಕೇಳಲು ಹೆದರಿಕೆಯಾಗಿ ಕೇಳಲೇ ಇಲ್ಲ.

ಅಜ್ಜಿ ಸಮಾಧಾನ ಹೇಳಲಿಲ್ಲ. ಕಿತ್ತಳೆ ಸುಲಿದು ಕೊಡು ಎಂದಳು. ಸುಲಿದು ಕೊಟ್ಟೆ. ಅರ್ಧ ತಿಂದು ಅರ್ಧ ನನ್ನ ಕೈಗಿಟ್ಟಳು.

ಅಕ್ಟೋಬರ್ 26, ಶನಿವಾರ

ದಿನಾ ಹತ್ತರ ಬಸ್ಸಿಗೆ ಆಸ್ಪತ್ರೆಗೆ ಹೋಗುತ್ತೇನೆ. ಜ್ವರ ಇಳಿದಿದೆ, ಕೆಮ್ಮು ಇದೆ. ನಾನು ಹೋಗುವುದು ಐದು ನಿಮಿಷ ತಡವಾದರೆ ಅವಳು ನರ್ಸಿನ ಹತ್ತಿರ ವಿಚಾರಿಸುತ್ತಾಳಂತೆ. ಹಾಗಾಗಿ ತಡಮಾಡಲು ಭಯ.

ಅಕ್ಟೋಬರ್ 30, ಬುಧವಾರ

ಅಜ್ಜಿಯನ್ನು ನಿನ್ನೆ ಮನೆಗೆ ಕರೆತಂದರು. ಇವತ್ತು ಮತ್ತೆ ದೊಡ್ಡ ಇಳಿತ ಶುರು, ಹೆಂಗಸರು ಕೆಸರಿಗೆ ಹೋದರು. ನಾನು ಕಿಟಕಿಯಲ್ಲಿ ನಿಂತು ಚುಕ್ಕಿಗಳನ್ನು ಎಣಿಸಿದೆ. ಅಜ್ಜಿಯನ್ನು ಬಿಟ್ಟರೆ ಹನ್ನೆರಡು ಇರಬೇಕು. ಹನ್ನೊಂದೇ ಸಿಗುತ್ತಿತ್ತು. ಕ್ಯಾಲೆಂಡರ್ ತಿರುಗಿಸಿ ನೋಡಿದೆ, ನೀರು ತಿರುಗಲು ಇನ್ನೂ ಐವತ್ತು ನಿಮಿಷ. ಮತ್ತೆ ಎಣಿಸಿದರೂ ಹನ್ನೊಂದು. ಎದೆ ಅಂದಿಗಿಂತ ಜೋರಾಗಿ ಹೊಡೆದುಕೊಂಡಿತು. ಟಿಲ್ಲರ್ ಬರುವ ಸದ್ದು ಕೇಳಿಸಲಿ ಎಂದು ಟಿ.ವಿ. ಆರಿಸಿ, ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತೆ.

ಬಂದರು. ಇಳಿಯುವಾಗ ಹನ್ನೆರಡು. ಒಬ್ಬಳು ಬೂದುಬಣ್ಣದ ಅಂಗಿ ಹಾಕಿದ್ದಳು, ಕೆಸರಿನಲ್ಲಿ ಕಂಡಿರಲಿಲ್ಲ. ಅಂಥ ಬಣ್ಣ ಯಾಕೆ ಹಾಕಿಕೊಳ್ಳುತ್ತಾರೋ.

ಸಂಜೆ ಮಿ-ರ್ಯೊಂಗ್‌ಗೆ ಫೋನ್ ಮಾಡಿ ಕೋಣೆ ಖಾಲಿ ಮಾಡಿಡು, ಎರಡನೇ ತಾರೀಖು ಬರುತ್ತೇನೆ ಎಂದೆ. ಒಬ್ಬರ ಜೀವ ತೆಗೆಯಲಿದ್ದವಳು ಯಾವ ಮುಖ ಇಟ್ಟುಕೊಂಡು ಇಲ್ಲಿರುವುದು? ನಾಳೆ ಊರಿನ ತಿಂಗಳ ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಿ, ಮನೆ ಬೇಡ ಎಂದು ಹೇಳಿ ಬರುವುದು. ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ನಾಲ್ಕೇ ಸಾಲು.

ಅಕ್ಟೋಬರ್ 31, ಗುರುವಾರ

ಸಭೆಗೆ ಹೋಗಿ ಬಂದೆ. ಮೈಯೆಲ್ಲ ಉರಿಯುತ್ತಿದೆ.

ಸಮುದಾಯ ಭವನದ ಬೆಚ್ಚನೆಯ ನೆಲದ ಮೇಲೆ ಹೆಂಗಸರೆಲ್ಲ ಸುತ್ತ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಜ್ಜಿ ಗೋಡೆಗೊರಗಿ ಕಂಬಳಿ ಹೊದ್ದಿದ್ದಳು. ನಾನು ಮಂಡಿಯೂರಿ ತಲೆಬಾಗಿದೆ. ಚೀಟಿಯ ಮೊದಲ ಸಾಲು ಓದಿದೆ, ಕ್ಷಮೆ ಕೇಳಿದ್ದು. ಎರಡನೆಯದಕ್ಕೆ ಬರುವಷ್ಟರಲ್ಲಿ ಮುಖ್ಯಸ್ಥರ ಹೆಂಡತಿ ಬೆಳ್ಳುಳ್ಳಿಯಿಂದ ಕಣ್ಣೆತ್ತದೆ ಶಿಕ್ಷೆ ಹೇಳಿದಳು. ಎಣಿಕೆ ತಪ್ಪಿಸಿದವರು ಒಂದು ವರ್ಷ ಕೆಸರಿಗೆ ಇಳಿಯುವಂತಿಲ್ಲ.

ಒಂದು ವರ್ಷ! ನನಗೆ ಎಲ್ಲಿತ್ತೋ ಸಿಟ್ಟು. ಹೋದ ವರ್ಷ ಕುಡಿದು ಟಿಲ್ಲರನ್ನೇ ಕೆಸರಿನಲ್ಲಿ ಬಿಟ್ಟು ಬಂದವನಿಗೆ ಆರು ತಿಂಗಳು ಮಾತ್ರ ಹಾಕಿದ್ದರೆಂದು ಆಸ್ಪತ್ರೆಯಲ್ಲಿ ಅಜ್ಜಿಯೇ ಹೇಳಿದ್ದಳು. ಅದನ್ನು ಎತ್ತಿದೆ.

“ಅವನಿಗೆ ಆರು, ನನಗೆ ಹನ್ನೆರಡಾ? ನಾನು ತಪ್ಪು ಒಪ್ಕೊಂಡಿದೀನಿ, ಅವನು ಒಪ್ಕೊಂಡನಾ?”

“ಟಿಲ್ಲರು ಹೋದ್ರೆ ಇನ್ನೊಂದು ತರ್ಬಹುದು,” ಎಂದಳು ಅವಳು. “ಹನ್ನೊಂದು.”

ಏಳು ಎಂದೆ. ನನಗೆ ಗುರುತು ಹಿಡಿದು ನಡೆಯಲು ಬರುತ್ತದೆ, ಮಂಜಿನಲ್ಲೂ ದಾರಿ ತಪ್ಪದೆ ಬಂದವಳು ಎಂದೆ. ಅದನ್ನು ಹೇಳಬಾರದಿತ್ತು, ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಹತ್ತಕ್ಕೆ ಬಂದಳು, ಅಲ್ಲಿಂದ ಕದಲಲಿಲ್ಲ. ನಾನೂ ಕದಲಲಿಲ್ಲ. ಮುಖ್ಯಸ್ಥರು ಪುಸ್ತಕ ತೆರೆದು ಪೆನ್ನು ಹಿಡಿದು ಕಾಯುತ್ತಿದ್ದರು. ಕೊನೆಗೆ ಅಜ್ಜಿ ಕಂಬಳಿಯೊಳಗಿಂದ ಕೆಮ್ಮಿದಳು.

“ಎಂಟು. ಮುಳುಗಿದ್ದು ನಾನು, ಹೇಳೋಳೂ ನಾನೇ. ಅವತ್ತಿನಿಂದ ಲೆಕ್ಕ. ಜೂನ್‌ನಲ್ಲಿ ನನ್ನ ಜೊತೆ ಇಳೀತಾಳೆ.”

ಮುಖ್ಯಸ್ಥರು ಬರೆದುಕೊಂಡರು. ನನ್ನ ಮುಂದೆ ಯಾರೋ ಒಂದು ಬುಟ್ಟಿ ಬೆಳ್ಳುಳ್ಳಿ ಸರಿಸಿದರು. ಏಳೂವರೆಯವರೆಗೆ ಸುಲಿದೆ. ಕೈ ಇನ್ನೂ ಉರಿ.

ಚೀಟಿಯ ಉಳಿದ ಮೂರು ಸಾಲು, ಮನೆ ಬೇಡ ಎಂಬುದೂ ಸೇರಿ, ಓದುವುದು ಮರೆತೇಹೋಯಿತು. ಅಜ್ಜಿಯನ್ನು ಕೈಹಿಡಿದು ಮನೆ ಸೇರಿಸುವಾಗ ಅವಳು ಇನ್ನೊಂದು ಮಾತು ಹೇಳಿದಳು. ಇಲ್ಲಿ ವರ್ಷದಲ್ಲೆಲ್ಲ ಮಂಜು ಅತಿ ದಟ್ಟವಾಗಿ ಬೀಳುವುದು ಜೂನ್‌ನಲ್ಲಂತೆ, ಚಾಚಿದ ಕೈ ಕಾಣದಷ್ಟು. ಈಗ ಹೇಳುತ್ತಾಳೆ. ಮೊದಲೇ ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡು ಹತ್ತು ತಿಂಗಳಿಗೇ ಒಪ್ಪಿಕೊಳ್ಳುತ್ತಿದ್ದೆ.